ಎರಡು ಪೈಥಾನ್ ಇರಲಿ, ಯಾವುದನ್ನೂ ಅಳಿಸಬೇಡಿ

ಲ್ಯಾಬ್‌ನಲ್ಲಿರುವ ಪೈಥಾನ್ 3.8 ತೆಗೆದು ಹೊಸ ಆವೃತ್ತಿಯನ್ನೇ ಹಾಕಬೇಕೆಂದು ನಮ್ಮ ತರಗತಿಯ ಕೆಲವರು ಹೇಳುತ್ತಿದ್ದಾರೆ. ಹಳೆಯದೇ ಸಾಕು, ಪರೀಕ್ಷೆಗೆ ಅಷ್ಟೇ ಬೇಕು ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ: ಎರಡೂ ಇರಲಿ.

ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇರುವವರು 3.12ರಲ್ಲಿ ಪ್ರೋಗ್ರಾಂ ಬರೆದು ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ಅದರಲ್ಲಿ 'ಮ್ಯಾಚ್' ಬಳಸಿದ್ದರೆ 3.8 ಸಿಂಟ್ಯಾಕ್ಸ್ ಎರರ್ ತೋರಿಸುತ್ತದೆ. ಆ ಸೌಲಭ್ಯ ಬಂದದ್ದೇ 2021ರ 3.10ರಲ್ಲಿ. ಹಾಗೆಂದು ಹಳೆಯದನ್ನು ಅಳಿಸಿದರೆ ಇನ್ನೊಂದು ಕಡೆ ಅನ್ಯಾಯ. ನಮ್ಮ ಮನೆಯಲ್ಲಿರುವುದು ಭಾಯಿಜಾನ್ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ವಿಂಡೋಸ್ 7. ಅದರಲ್ಲಿ 3.9 ಮತ್ತು ನಂತರದ ಪೈಥಾನ್ ನಡೆಯುವುದಿಲ್ಲ. ಇಂಥ ಕಂಪ್ಯೂಟರ್ ಇರುವವರು ಲ್ಯಾಬ್‌ನಲ್ಲಿ ಶುರು ಮಾಡಿದ ಪ್ರೋಗ್ರಾಂ ಮನೆಯಲ್ಲೂ ನಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಡವೇ?

ಆವೃತ್ತಿ ಬದಲಾದರೆ ಎರರ್ ಬರುವುದಷ್ಟೇ ಅಲ್ಲ, ಉತ್ತರವೂ ಬದಲಾಗಬಹುದು. 7 ಭಾಗಿಸು 2 ಎಂದರೆ ಪೈಥಾನ್ 2 ಕೊಡುತ್ತಿದ್ದದ್ದು 3, ಪೈಥಾನ್ 3 ಕೊಡುವುದು 3.5. ಏಳು ರೂಪಾಯಿಯನ್ನು ಇಬ್ಬರು ಪಾಲುದಾರರಿಗೆ ಹಂಚಿದರೆ ಒಬ್ಬೊಬ್ಬರಿಗೂ ಐವತ್ತು ಪೈಸೆ ಮಾಯ! ಎರರ್ ಬಂದರೆ ಗೊತ್ತಾಗುತ್ತದೆ, ತಪ್ಪು ಮೊತ್ತ ಸುಮ್ಮನೆ ಬಂದು ಕೂರುತ್ತದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ, ಆದರೂ ಆ ಕಾಲದ ಪ್ರೋಗ್ರಾಂಗಳು ಇಂಟರ್‌ನೆಟ್‌ನಲ್ಲಿ ಈಗಲೂ ಸಿಗುತ್ತವೆ. ಕಾಪಿ ಮಾಡುವವರು ಎಚ್ಚರವಾಗಿರಬೇಕು.

ಎರಡು ಇದ್ದರೆ ಗೊಂದಲ ಎಂಬ ಮಾತಿಗೆ ಉತ್ತರ ಸುಲಭ. ವಿಂಡೋಸ್‌ನಲ್ಲಿ ಪ್ರತಿ ಆವೃತ್ತಿ ತನ್ನದೇ ಫೋಲ್ಡರ್‌ನಲ್ಲಿ ಕೂರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪೈ -0' ಎಂದು ಕೊಟ್ಟರೆ ಯಾವ ಯಾವುದಿದೆ ಎಂಬ ಪಟ್ಟಿ ಬರುತ್ತದೆ. 'ಪೈ -3.8' ಎಂದು ಬರೆದು ಮುಂದೆ ಫೈಲ್ ಹೆಸರು ಕೊಟ್ಟರೆ ಅದೇ ಆವೃತ್ತಿಯಲ್ಲಿ ನಡೆಯುತ್ತದೆ. ಪ್ರಾಜೆಕ್ಟ್ ಮಾಡುವವರಿಗೆ 'ವೆನ್ವ್' ಇದೆ. ಒಂದೊಂದು ಪ್ರಾಜೆಕ್ಟ್‌ಗೂ ಬೇರೆ ಲೈಬ್ರರಿಗಳು, ಒಂದರದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಕಾಮರ್ಸ್‌ನವರಿಗೆ ಇದು ಹೊಸತೇನಲ್ಲ: ಎರಡು ಅಂಗಡಿ ಇರುವವನು ಎರಡು ಲೆಡ್ಜರ್ ಇಡುತ್ತಾನೆ, ಒಂದನ್ನು ಹರಿದುಹಾಕುವುದಿಲ್ಲ.

ಆದ್ದರಿಂದ ಲ್ಯಾಬ್ ನೋಡಿಕೊಳ್ಳುವ ಸರ್ ಅವರಲ್ಲಿ ಎರಡು ವಿನಂತಿ. ಪ್ರತಿ ಕಂಪ್ಯೂಟರ್‌ನಲ್ಲಿ 3.8 ಹಾಗೂ ಒಂದು ಹೊಸ ಆವೃತ್ತಿ ಇರಲಿ. ಪ್ರಾಕ್ಟಿಕಲ್ ಪರೀಕ್ಷೆಗೆ ಯಾವುದು ಎಂಬುದನ್ನು ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ಸ್ನೇಹಿತರೇ, ನಾವೂ ಪ್ರತಿ ಪ್ರೋಗ್ರಾಂನ ಮೊದಲ ಸಾಲಿನಲ್ಲಿ ಕಾಮೆಂಟ್ ಆಗಿ ಆವೃತ್ತಿಯ ಸಂಖ್ಯೆ ಬರೆಯೋಣ. ಅರ್ಧ ನಿಮಿಷದ ಕೆಲಸ, ಇಡೀ ಪೀರಿಯಡ್ ಉಳಿಯುತ್ತದೆ.