ಸೋಲಾರಕ್ಕೆ ವಾಸ್ತು ಬೇಡ, ಲೆಕ್ಕ ಬೇಕು

ಚಿಕ್ಕೋಡಿ, ಅಥಣಿ ಕಡೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವವರು ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಹಾಕಿದ ರೊಕ್ಕ ಎಷ್ಟು ವರ್ಷಕ್ಕೆ ತಿರುಗಿ ಬರುತ್ತದೆ? ದಕ್ಷಿಣಕ್ಕೆ ಮುಖ ಮಾಡಿದರೆ ಕೇಡಲ್ಲವೇ?

ಮೊದಲನೆಯದಕ್ಕೆ ಲೆಕ್ಕವಿದೆ. 3 ಕಿಲೋವ್ಯಾಟ್‌ಗೆ ಸುಮಾರು 2 ಲಕ್ಷ ಹಿಡಿಯಿರಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ 78,000 ಕಳೆದರೆ ಕೈಯಿಂದ 1,22,000. ತಿಂಗಳಿಗೆ ಹೆಚ್ಚುಕಡಿಮೆ 350 ಯೂನಿಟ್ ಸಿಗುತ್ತದೆ. ಅಷ್ಟನ್ನೂ ಬಳಸುವ ಮನೆಗೆ ಯೂನಿಟ್ಟಿಗೆ 6 ರೂಪಾಯಿಯಂತೆ ತಿಂಗಳಿಗೆ 2,100 ಉಳಿತಾಯ. ಐದು ವರ್ಷದೊಳಗೆ ಅಸಲು ಬಂತು. ಆದರೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರಿಗೆ ಉಳಿಸಲು ಬಿಲ್ಲೇ ಇಲ್ಲ. ಹೆಚ್ಚುವರಿ ವಿದ್ಯುತ್ತಿಗೆ ಹೆಸ್ಕಾಂ ಕೊಡುವ ದರವೂ ಕಡಿಮೆ. ಅಂಥವರು ಮಾರುವವರ ಮಾತು ಕೇಳಿ ಸಾಲ ಮಾಡಬಾರದು.

ಎರಡನೆಯ ಪ್ರಶ್ನೆ ಲಿಂಗಾಯತರ ಮನೆಯಿಂದ ಬಂದಾಗ ನನಗೆ ನಿಜಕ್ಕೂ ಬೇಸರ. ದಿಕ್ಕು, ಮುಹೂರ್ತಗಳ ಅಂಜಿಕೆಯನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಬಿಡಿಸಿದರು. ನಾವು ಇನ್ನೂ ಯಮನ ದಿಕ್ಕು ಅನ್ನುತ್ತೇವೆ! ನಮ್ಮ ಭಾಗ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ. ಹಲಗೆ ಹದಿನೈದು ಡಿಗ್ರಿ ಓರೆಯಾಗಿ ಅವನ ಕಡೆಗೇ ನೋಡಬೇಕು. ಕಬ್ಬಿನ ಹಂಗಾಮಿನಲ್ಲಿ ಮೇಲೆ ಮಸಿ ಕೂತರೆ ಬೆಳಗಿನ ತಂಪಿನಲ್ಲಿ ತೊಳೆಯಿರಿ.