ಡಬ್ಬಿ ಬಿಡೋ ರೀಲು ನಂಬಬೇಡಿ

1/7
ಕನ್ನಡದಲ್ಲಿ 'ರೀಲು ಬಿಡೋದು' ಅಂದ್ರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಗಾಳದ ಸಾಮಾನಿನ ಅಂಗಡಿಗೆ ಹೋಗಿ ಒಂದು ಬೇಟ್‌ಕಾಸ್ಟಿಂಗ್ ರೀಲಿನ ಡಬ್ಬಿ ಕೈಗೆತ್ತಿಕೊಳ್ಳಿ, ಅರ್ಥ ಇನ್ನೂ ಚೆನ್ನಾಗಿ ಆಗುತ್ತೆ. 18 ಬೇರಿಂಗ್! 8.1:1 ಗೇರ್! 10 ಕೆಜಿ ಡ್ರ್ಯಾಗ್! ಇದ್ಯಾವುದೂ ಸುಳ್ಳಲ್ಲದೇ ಇರಬಹುದು. ಆದರೆ ನಿಮ್ಮ ಲ್ಯೂರು ನೀರಿಗೆ ಬೀಳುತ್ತೋ, ಲೈನ್ ಗಂಟಾಗಿ ನಿಮ್ಮ ಕೈಗೇ ಬರುತ್ತೋ ಅನ್ನೋದನ್ನ ಇವುಗಳಲ್ಲಿ ಒಂದೂ ಹೇಳಲ್ಲ.

ಎರಡು ರೀಲಿನ ಫೋಟೊ ಕಳಿಸಿ 'ಯಾವ್ದು ತಗೊಳ್ಲಿ?' ಅಂತ ಕೇಳುವವರೆಲ್ಲರಿಗೂ ಇದೇ ನನ್ನ ಉತ್ತರ. ನನ್ನ ಅಭಿಪ್ರಾಯ ಒಂದೇ ಸಾಲಿನದು: ರೀಲಿಗೆ ರೀಲನ್ನ ಹೋಲಿಸಬೇಡಿ, ನೀವು ಎಸೆಯೋ ಲ್ಯೂರಿಗೆ ರೀಲನ್ನ ಹೋಲಿಸಿ. ಮೂರು ಸಾವಿರದ ರೀಲೂ ಇದೆ, ಮೂವತ್ತು ಸಾವಿರದ್ದೂ ಇದೆ. ಪಾಕೆಟ್ ಮನಿ ಕೂಡಿಟ್ಟು ತಗೊಳ್ಳೋರಿಗೆ ಒಂದು ಸಲ ತಪ್ಪಿದ್ರೆ ಮುಂದಿನ ಸಲ ಅಂದ್ರೆ ಮುಂದಿನ ವರ್ಷ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ. ಸೇವ್ ಮಾಡ್ಕೊಳ್ಳಿ.

2/7
ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ತಿರುಗಲ್ಲ, ಲೈನು ಅದರ ಅಂಚಿನಿಂದ ಸುರುಳಿಯಾಗಿ ಬಿಚ್ಚಿಕೊಳ್ಳುತ್ತೆ. ಬೇಟ್‌ಕಾಸ್ಟರಿನಲ್ಲಿ ಸ್ಪೂಲೇ ಗಿರಗಿರ ತಿರುಗಬೇಕು, ತಿರುಗಿಸೋದು ಹಾರುವ ಲ್ಯೂರಿನ ತೂಕ. ಗಾಳಿಗೆ ಸಿಕ್ಕ ಲ್ಯೂರು ನಿಧಾನ ಆಗುತ್ತೆ. ಆದರೆ ಸ್ಪೂಲಿಗೆ ಅದು ಗೊತ್ತಾಗಲ್ಲ, ತನ್ನ ಪಾಡಿಗೆ ತಿರುಗ್ತಾನೇ ಇರುತ್ತೆ. ಲ್ಯೂರು ಎಳೆದುಕೊಳ್ಳೋದಕ್ಕಿಂತ ಹೆಚ್ಚು ಲೈನು ಹೊರಗೆ ಬಂದು ಅಲ್ಲೇ ಗೂಡು ಕಟ್ಟುತ್ತೆ. ಅದೇ ಬ್ಯಾಕ್‌ಲ್ಯಾಷ್.

ಇದರಿಂದ ಎರಡು ವಿಷಯ ಸ್ಪಷ್ಟ. ಲ್ಯೂರು ತೀರಾ ಹಗುರ ಇದ್ರೆ ಸ್ಪೂಲನ್ನ ತಿರುಗಿಸೋ ಶಕ್ತಿಯೇ ಅದಕ್ಕಿರಲ್ಲ. ಮತ್ತೆ ಸ್ಪೂಲನ್ನ ಸರಿಯಾದ ಹೊತ್ತಿಗೆ ಹಿಡಿಯೋಕೆ ಬ್ರೇಕ್ ಬೇಕು, ಜೊತೆಗೆ ನಿಮ್ಮ ಹೆಬ್ಬೆರಳು ಬೇಕು. ಹಾಗಾಗಿ ಹೋಲಿಕೆ ಶುರು ಆಗಬೇಕಾದ್ದು ಗೇರಿನಿಂದ ಅಲ್ಲ, ತೂಕದಿಂದ.

3/7
ನಿಮ್ಮ ಡಬ್ಬದಲ್ಲಿರೋ ಲ್ಯೂರುಗಳನ್ನ ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಗಿ. ತಮಾಷೆ ಅಲ್ಲ, ನಿಜವಾಗ್ಲೂ ತೂಗಿ.

ಹೆಚ್ಚಿನವು 3-5 ಗ್ರಾಮಿನ ಚಿಕ್ಕ ಸ್ಪೂನು, ಸ್ಪಿನ್ನರುಗಳಾ? ಹಾಗಾದ್ರೆ ನೀವು ಬೇಟ್‌ಕಾಸ್ಟರ್ ತಗೊಳ್ಳಲೇಬೇಡಿ. ಸಾಮಾನ್ಯ ಬೇಟ್‌ಕಾಸ್ಟರುಗಳು ಸುಮಾರು 7 ಗ್ರಾಮಿಗಿಂತ ಕೆಳಗೆ ಇಳಿದ್ರೆ ಒದ್ದಾಡ್ತವೆ. ಹಗುರ ಲ್ಯೂರಿಗೇ ಅಂತ ಹಗುರ, ಆಳ ಕಡಿಮೆ ಇರೋ ಸ್ಪೂಲಿನ ಬಿಎಫ್ಎಸ್ ರೀಲುಗಳು ಬರ್ತವೆ. ಆದರೆ ಮೊದಲ ರೀಲಿಗೆ ಆ ಖರ್ಚು ಯಾಕೆ? ಅದೇ ದುಡ್ಡಿಗೆ ಒಳ್ಳೇ ಸ್ಪಿನ್ನಿಂಗ್ ರೀಲು ಬರುತ್ತೆ, ಮೊದಲ ದಿನವೇ ಎಸೆಯಬಹುದು.

ನೀವು ತಾವರೆ ಎಲೆ, ಜೊಂಡು ತುಂಬಿದ ಕೆರೆಯಲ್ಲಿ ಕೊರವನಿಗೆ, ಅಂದ್ರೆ ಮರ್ರೆಲ್‌ಗೆ, 10-15 ಗ್ರಾಮಿನ ರಬ್ಬರ್ ಕಪ್ಪೆ ಎಸೀತೀರಾ? ಅಥವಾ ಅಳಿವೆಯ ಕಲ್ಲಿನ ಸಂದಿಯಲ್ಲಿ ಕೆಂಬೇರಿಗೆ ಅಷ್ಟೇ ತೂಕದ ಲ್ಯೂರು ಹಾಕ್ತೀರಾ? ಹಾಗಾದ್ರೆ ಬೇಟ್‌ಕಾಸ್ಟರ್ ನಿಮ್ಮದೇ. ದಪ್ಪ ಲೈನು ಸುತ್ತೋಕೆ, ಎಲೆ ಸಮೇತ ಮೀನನ್ನ ಎಳೆದು ತರೋಕೆ, ಒಂದು ಮೊಳ ಜಾಗದಲ್ಲಿ ಗುರಿ ಇಟ್ಟು ಬೀಳಿಸೋಕೆ ಇದಕ್ಕೆ ಸಾಟಿ ಇಲ್ಲ.

4/7
ಈಗ ಬ್ರೇಕ್. ನನ್ನ ಪ್ರಕಾರ ರೀಲಿನ ಬೆಲೆಯಲ್ಲಿ ಅರ್ಧ ಇದಕ್ಕೇ ಕೊಡ್ತಿರೋದು.

ಮ್ಯಾಗ್ನೆಟಿಕ್ ಬ್ರೇಕ್: ಪಿಯುಸಿ ಫಿಸಿಕ್ಸಿನ ಲೆಂಜ್ ನಿಯಮ ನೆನಪಿದೆಯಾ? ಅಯಸ್ಕಾಂತದ ಪಕ್ಕ ಅಲ್ಯೂಮಿನಿಯಂ ಸ್ಪೂಲ್ ತಿರುಗಿದಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ತಿರುಗುವಿಕೆಯನ್ನೇ ತಡೆಯುತ್ತೆ. ಯಾವ ಭಾಗವೂ ಸ್ಪೂಲಿಗೆ ತಾಗಲ್ಲ. ಹೊರಗೇ ಒಂದು ಡಯಲ್ ಇರುತ್ತೆ, ಗಾಳಿ ಎದ್ದ ತಕ್ಷಣ ತಿರುಗಿಸಬಹುದು.

ಸೆಂಟ್ರಿಫ್ಯೂಗಲ್ ಬ್ರೇಕ್: ಸ್ಪೂಲ್ ಜೋರಾಗಿ ತಿರುಗಿದಾಗ ಪುಟ್ಟ ತುಂಡುಗಳು ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಎಸೆತದ ಶುರುವಿನಲ್ಲಿ ಬಿಗಿ, ವೇಗ ಇಳಿದಂತೆ ಸಡಿಲ. ಪಳಗಿದ ಕೈಗೆ ದೂರ ಹೋಗುತ್ತೆ. ಆದರೆ ಎಷ್ಟೋ ಮಾಡೆಲುಗಳಲ್ಲಿ ಸೆಟ್ಟಿಂಗ್ ಬದಲಿಸೋಕೆ ಪಕ್ಕದ ಮುಚ್ಚಳ ತೆಗೀಬೇಕು.

ಡಿಜಿಟಲ್ ಬ್ರೇಕ್: ಶಿಮಾನೊದವರ ಡಿಸಿ ರೀಲುಗಳಲ್ಲಿ ಒಂದು ಚಿಪ್ ಇದನ್ನ ನೋಡ್ಕೊಳ್ಳುತ್ತೆ. ಬ್ಯಾಟರಿ ಇಲ್ಲ, ಸ್ಪೂಲ್ ತಿರುಗೋದರಿಂದಲೇ ಕರೆಂಟ್. ಚೆನ್ನಾಗಿದೆ, ದುಬಾರಿಯೂ ಇದೆ.

ಕಲಿಯೋರಿಗೆ, ಅದರಲ್ಲೂ ಮಧ್ಯಾಹ್ನದ ಮೇಲೆ ಕಡಲ ಗಾಳಿ ಮುಖಕ್ಕೇ ಹೊಡೆಯೋ ನಮ್ಮ ಕರಾವಳಿಯವರಿಗೆ, ಹೊರಗೆ ಡಯಲ್ ಇರೋ ಮ್ಯಾಗ್ನೆಟಿಕ್ಕೇ ಮೊದಲು. 'ಪ್ರೊಗಳು ಸೆಂಟ್ರಿಫ್ಯೂಗಲ್ಲೇ ಬಳಸೋದು' ಅಂತ ಯಾರೋ ಕಮೆಂಟ್ ಹಾಕ್ತಾರೆ. ಬಳಸಲಿ ಮಾರಾಯ್ರೆ. ಅವರ ಹೆಬ್ಬೆರಳು ಹತ್ತು ವರ್ಷ ಪಳಗಿದೆ, ನಿಮ್ಮದು ಫೋನ್ ಮೇಲೆ ಪಳಗಿದೆ.

5/7
ಇನ್ನು ಡಬ್ಬಿ ಮೇಲಿನ ನಂಬರುಗಳ ಲೆಕ್ಕ.

ಗೇರ್: 7:1 ಅಂದ್ರೆ ಹಿಡಿ ಒಂದು ಸುತ್ತು ತಿರುಗಿಸಿದ್ರೆ ಸ್ಪೂಲ್ ಏಳು ಸುತ್ತು. ಆದರೆ ಎಷ್ಟು ಲೈನ್ ಒಳಗೆ ಬರುತ್ತೆ ಅನ್ನೋದು ಸ್ಪೂಲಿನ ಅಗಲದ ಮೇಲೂ ಇದೆ. ಲೈನ್ ತುಂಬಿದ ಸ್ಪೂಲ್ 34 ಮಿಮೀ ಅಗಲ, ಗೇರ್ 7:1 ಇದ್ರೆ ಒಂದು ಸುತ್ತಿಗೆ ಸುಮಾರು 75 ಸೆಂಮೀ. 38 ಮಿಮೀ ಸ್ಪೂಲಿಗೆ ಗೇರ್ 6.3:1 ಇದ್ರೂ ಅದೇ 75 ಸೆಂಮೀ! ನಂಬರ್ ದೊಡ್ಡದಿದ್ದ ಮಾತ್ರಕ್ಕೆ ವೇಗ ಹೆಚ್ಚಲ್ಲ. ಒಂದೇ ರೀಲಿನಲ್ಲಿ ಎಲ್ಲ ಮಾಡೋರಿಗೆ 6ರಿಂದ 7ರ ಆಸುಪಾಸು ಸಾಕು.

ಡ್ರ್ಯಾಗ್: ಸಾಮಾನ್ಯವಾಗಿ ಲೈನ್ ತಡೆಯೋ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡ್ತಾರೆ. 12 ಪೌಂಡ್ ಲೈನ್ ಅಂದ್ರೆ ಸುಮಾರು 5.4 ಕೆಜಿ, ಡ್ರ್ಯಾಗ್ 1.4ರಿಂದ 1.8 ಕೆಜಿ. 40 ಪೌಂಡಿನ ಬ್ರೇಡ್ ಹಾಕಿದ್ರೂ ಕಾಲು ಭಾಗ ಅಂದ್ರೆ ನಾಲ್ಕೂವರೆ ಕೆಜಿ. ಹಾಗಿರುವಾಗ ಡಬ್ಬಿಯ 10 ಕೆಜಿಗೆ ಯಾಕೆ ಸಾವಿರ ರೂಪಾಯಿ ಹೆಚ್ಚು? ಎಷ್ಟು ಕೆಜಿ ಅನ್ನೋದಕ್ಕಿಂತ ಎಷ್ಟು ನಯವಾಗಿ ಬಿಡುತ್ತೆ ಅನ್ನೋದು ಮುಖ್ಯ. ಜರ್ಕ್ ಕೊಟ್ಟು ಬಿಡೋ ಡ್ರ್ಯಾಗ್ ಲೈನ್ ಕಡಿಯುತ್ತೆ.

ಬೇರಿಂಗ್: ಎಸೆತಕ್ಕೆ ನಿಜವಾಗಿ ದುಡಿಯೋದು ಸ್ಪೂಲನ್ನ ಹೊತ್ತಿರೋ ಬೇರಿಂಗುಗಳು ಮಾತ್ರ. ಹಿಡಿಯ ಗುಬುಟಿನೊಳಗೆ ನಾಲ್ಕು ತುರುಕಿ ಲೆಕ್ಕ ಹೆಚ್ಚಿಸೋದು ಸುಲಭ. ನಾಲ್ಕೈದು ಒಳ್ಳೇ ಬೇರಿಂಗಿನ ರೀಲು 18 ಕಳಪೆ ಬೇರಿಂಗಿನದ್ದಕ್ಕಿಂತ ಮೇಲು. ಉಪ್ಪು ನೀರಿನಲ್ಲಂತೂ ಬೇರಿಂಗ್ ಹೆಚ್ಚಿದಷ್ಟೂ ತುಕ್ಕು ಹಿಡಿಯೋ ಜಾಗವೂ ಹೆಚ್ಚು.

6/7
ಡಬ್ಬಿ ಮೇಲೆ ಎದ್ದು ಕಾಣದ, ಆದರೆ ದುಡ್ಡು ಕೊಡೋ ಮುಂಚೆ ನೋಡಲೇಬೇಕಾದವು:

• ಎಡವೋ ಬಲವೋ? ಸ್ಪಿನ್ನಿಂಗ್ ರೀಲಿನ ಹಿಡಿಯನ್ನ ಸಾಮಾನ್ಯವಾಗಿ ಆ ಕಡೆ ಈ ಕಡೆ ಬದಲಿಸಬಹುದು. ಬೇಟ್‌ಕಾಸ್ಟರಿನಲ್ಲಿ ಆಗಲ್ಲ. ತಪ್ಪು ಕಡೆಯದ್ದು ತಂದ್ರೆ ತಂದಂಗೇ.
• ರಾಡ್ ಇದೆಯಾ? ಸ್ಪಿನ್ನಿಂಗ್ ರಾಡಿಗೆ ಇದು ಹೊಂದಲ್ಲ. ರೀಲು ಮೇಲೆ ಕೂರುತ್ತೆ, ಬಳೆಗಳೂ ಮೇಲೆ, ಬೆರಳಿಗೆ ಟ್ರಿಗರ್ ಇರೋ ರಾಡೇ ಬೇಕು. ಬಜೆಟ್ ಪೂರ್ತಿ ರೀಲಿಗೇ ಸುರಿಯಬೇಡಿ. ಅರ್ಧ ರಾಡಿಗೆ, ಲೈನಿಗೆ ಉಳಿಸಿ.
• ಕೈಗೆ ಕೂರುತ್ತಾ? ರಾಡ್ ಸಮೇತ ಅಂಗೈಯಲ್ಲಿ ಹಿಡಿದು ನೋಡಿ. ಹೆಬ್ಬೆರಳು ಸಲೀಸಾಗಿ ಸ್ಪೂಲ್ ಮುಟ್ಟಬೇಕು.
• ಹಿಡಿಯನ್ನ ಹಿಂದಕ್ಕೆ ತಿರುಗಿಸಿ ನೋಡಿ, ಆಡಬಾರದು. ಸ್ಪೂಲನ್ನ ಅಕ್ಕಪಕ್ಕ ಅಲ್ಲಾಡಿಸಿ. ಟೆನ್ಷನ್ ಗುಬುಟು ಬಿಗಿ ಮಾಡಿದ ಮೇಲೂ ಕಟಕಟ ಅಂದ್ರೆ ವಾಪಸ್ ಇಡಿ.
• ಸ್ಪೇರ್ ಪಾರ್ಟ್ಸ್ ಸಿಗುತ್ತಾ? ನನಗಂತೂ ಇದೇ ಕೊನೆಯ ತೀರ್ಪು. ಅಬು ಗಾರ್ಸಿಯಾ ಕಂಪನಿ 1921ರಲ್ಲಿ ಸ್ವೀಡನ್ನಿನಲ್ಲಿ ಶುರುವಾದಾಗ ಮಾಡ್ತಿದ್ದದ್ದು ಗಡಿಯಾರ. ಅಮೆರಿಕದ ಕೆಂಟಕಿಯಲ್ಲಿ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಈ ಬಗೆಯ ರೀಲಿನ ಪೂರ್ವಜನನ್ನ ಮಾಡಿದ ಜಾರ್ಜ್ ಸ್ನೈಡರ್ ಕೂಡ ಗಡಿಯಾರದವನೇ. ಅಂದ್ರೆ ಇದು ಹುಟ್ಟಿನಿಂದಲೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸೋ ಯಂತ್ರ. 50 ರೂಪಾಯಿಯ ಸ್ಪ್ರಿಂಗ್ ಸಿಗದೆ ಇಡೀ ರೀಲು ಮೂಲೆ ಸೇರೋದಾದ್ರೆ ಡಿಸ್ಕೌಂಟ್ ಯಾಕೆ ಬೇಕು?

7/7
'ಫಸ್ಟ್ ರೀಲ್ ತಾನೇ, ಚೀಪಾಗಿರೋದು ಸಾಕು' ಅನ್ನೋರಿಗೂ ನನ್ನ ತಕರಾರಿದೆ. 'ಒಂದೇ ಸಲ ಟಾಪ್ ಮಾಡೆಲ್ ತಗೋ' ಅನ್ನೋರಿಗೂ ಇದೆ. ಬ್ರೇಕ್ ಸರಿ ಇಲ್ಲದ ರೀಲಿನಲ್ಲಿ ಯಾರೂ ಕಲಿಯಲ್ಲ, ಎರಡು ವಾರಕ್ಕೆ ಬೇಸತ್ತು ಬಿಡ್ತಾರೆ. ಟಾಪ್ ಮಾಡೆಲ್ ತಂದವರು ಬ್ಯಾಕ್‌ಲ್ಯಾಷಿಗೆ ಹೆದರಿ ಹೊರಗೇ ತೆಗೆಯಲ್ಲ. ಬ್ರೇಕ್ ಒಳ್ಳೇದಿದ್ದು, ಪಾರ್ಟ್ಸ್ ಸಿಗೋ, ನಿಮ್ಮ ಲ್ಯೂರಿನ ತೂಕಕ್ಕೆ ಸರಿಯಾದ ಮಧ್ಯಮ ರೀಲು ತಗೊಳ್ಳಿ. ಉಳಿದ ದುಡ್ಡಿಗೆ ಇನ್ನೊಂದು ಸ್ಪೂಲ್ ಲೈನ್ ತಗೊಳ್ಳಿ, ಖಂಡಿತ ಬೇಕಾಗುತ್ತೆ.

ತಂದ ಮೇಲೆ ಮೊದಲು ಮೈದಾನದಲ್ಲಿ ಅಭ್ಯಾಸ ಮಾಡಿ. ಕೊಕ್ಕೆ ತೆಗೆದು ಅಷ್ಟೇ ತೂಕದ ಸೀಸ ಕಟ್ಟಿ, ಬ್ರೇಕ್ ಪೂರ್ತಿ ಹಾಕಿ, ದಿನಕ್ಕೊಂದು ಹಂತ ಇಳಿಸಿ. ಸ್ಪೂಲ್ ಬಿಟ್ಟಾಗ ಸೀಸ ಮೆಲ್ಲಗೆ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಂತ್ರೆ ಟೆನ್ಷನ್ ಸರಿ ಇದೆ ಅಂತ. ಅಳಿವೆಗೆ ಹೋಗಿ ಬಂದ್ರೆ ಸಿಹಿ ನೀರನ್ನ ಮೆಲ್ಲಗೆ ಹನಿಸಿ ತೊಳೆಯಿರಿ, ಪೈಪ್ ಜೋರಾಗಿ ಬಿಟ್ರೆ ಉಪ್ಪು ಇನ್ನೂ ಒಳಗೆ ಹೋಗುತ್ತೆ.

ಕೊನೆಗೆ ಒಂದು ಮಾತು, ಇದರಲ್ಲಿ ರಾಜಿ ಇಲ್ಲ. ಬ್ಯಾಕ್‌ಲ್ಯಾಷ್ ಆಗೇ ಆಗುತ್ತೆ, ಲೈನ್ ಕತ್ತರಿಸಬೇಕಾಗಿ ಬರುತ್ತೆ. ಕತ್ತರಿಸಿದ ಆ ಗಂಟು ನಿಮ್ಮ ಜೇಬಿಗೆ ಬರಬೇಕು, ಕೆರೆ ದಡದಲ್ಲಿ ಬೀಳಬಾರದು. ನೈಲಾನ್ ಕೊಳೆಯಲ್ಲ. ನೀರುಕಾಗೆಯ ಕಾಲಿಗೆ ಸುತ್ತಿಕೊಂಡ್ರೆ ಬಿಚ್ಚೋರು ಯಾರೂ ಇರಲ್ಲ. ರೀಲು ಹೋಲಿಸೋಕೆ ಒಂದು ತಿಂಗಳು ಕೊಡೋ ನಾವು ಇದಕ್ಕೆ ಒಂದು ನಿಮಿಷ ಕೊಡಬಹುದಲ್ವಾ?

ನಿಮ್ಮ ಲ್ಯೂರುಗಳ ತೂಕ ಕಮೆಂಟಲ್ಲಿ ಬರೀರಿ. ರೀಲಿನ ಫೋಟೊ ಆಮೇಲೆ ಕಳಿಸಿ.

#ಗಾಳ #ಬೇಟ್‌ಕಾಸ್ಟರ್ #ಕೊರವ #ಅಳಿವೆ #ಕನ್ನಡದಲ್ಲಿ_ಗಾಳ