ಖಾಲಾ ಕಳಿಸಿದ ಸಂದೇಶ



2024ರ ಲೋಕಸಭಾ ಚುನಾವಣೆಯ ಸಮಯ. ರೋಣದ ಹುಡುಗಿಯೊಬ್ಬಳು ಮದುವೆಯಾಗಿ ನರಗುಂದಕ್ಕೆ ಬಂದಿದ್ದಳು. ಅವಳ ಹೆಸರು ಇನ್ನೂ ತವರಿನ ಮತದಾರರ ಪಟ್ಟಿಯಲ್ಲೇ ಇತ್ತು. ಗಂಡನ ಮನೆಯ ವಿಳಾಸಕ್ಕೆ ಬದಲಾಯಿಸಿಕೊಳ್ಳಲು ಸಮಯವೂ ಇತ್ತು. ಅಷ್ಟರಲ್ಲಿ ಗಜೇಂದ್ರಗಡದ ಖಾಲಾರಿಂದ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ, ಆಧಾರ್ ಕಾರ್ಡ್ ತೋರಿಸಿ ‘ಚಾಲೆಂಜ್ ವೋಟ್’ ಕೇಳಿದರೆ ಮತ ಹಾಕಲು ಬಿಡುತ್ತಾರೆ ಎಂದು ಅದರಲ್ಲಿತ್ತು. “ಖಾಲಾ ಕಳಿಸ್ಯಾರ ಅಂದಮ್ಯಾಲ ಖರೇನ ಇರ್ತದ” ಎಂದು ಅವಳು ಸುಮ್ಮನಾದಳು. ಮೇ 7ರಂದು ಬಿಸಿಲಿನಲ್ಲಿ ಸರದಿಯಲ್ಲಿ ನಿಂತು, ಮತಗಟ್ಟೆಯ ಬಾಗಿಲಿನಿಂದ ಬರಿಗೈಯಲ್ಲಿ ಮರಳಿದಳು.

ಪಟ್ಟಿಯಲ್ಲಿ ಹೆಸರಿಲ್ಲದವರು ಯಾವ ಕಾರ್ಡ್ ತೋರಿಸಿದರೂ ಮತ ಹಾಕುವಂತಿಲ್ಲ. ನಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿ ಹೋಗಿದ್ದರೆ ಮಾತ್ರ ‘ಟೆಂಡರ್ಡ್ ವೋಟ್’ ಎಂಬ ಮತಪತ್ರವನ್ನು ಕೇಳಿ ಪಡೆಯುವ ಹಕ್ಕಿದೆ. ಅದೂ ಹೆಸರು ಪಟ್ಟಿಯಲ್ಲಿದ್ದರೆ. ಈ ಅರ್ಧ ಸತ್ಯದ ಸಂದೇಶ 2019ರ ಚುನಾವಣೆಯಲ್ಲೂ ದೇಶ ಸುತ್ತಿತ್ತು.

ಹಾಗಾದರೆ ಖಾಲಾ ಸುಳ್ಳು ಹೇಳಿದರೇ? ಇಲ್ಲ. ಅವರಿಗೂ ಯಾರೋ ಕಳಿಸಿದ್ದರು. ಒಳ್ಳೆಯದಾಗಲಿ ಎಂದೇ ಅವರು ಮುಂದೆ ಕಳಿಸಿದರು. ಹುಡುಗಿ ನಂಬಿದ್ದು ಸಂದೇಶವನ್ನಲ್ಲ, ಖಾಲಾರನ್ನು. ಇಂದಿನ ಚುನಾವಣಾ ಪ್ರಚಾರದ ಗುಟ್ಟು ಇರುವುದು ಇಲ್ಲಿಯೇ.

ಹಿಂದೆ ಪ್ರಚಾರವೆಂದರೆ ಜೀಪಿನ ಮೇಲಿನ ಧ್ವನಿವರ್ಧಕ, ಗೋಡೆಬರಹ, ಕರಪತ್ರ. ಅದು ಪಕ್ಷದ ಮಾತೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಕೇಳಿದವರು ಅದಕ್ಕೆ ತಕ್ಕಂತೆ ತೂಗಿ ನೋಡುತ್ತಿದ್ದರು. 2018ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯ ಹೊತ್ತಿಗೆ ಈ ಚಿತ್ರ ಬದಲಾಗಿತ್ತು. ಎರಡು ದೊಡ್ಡ ಪಕ್ಷಗಳು ಸೇರಿ ಕನಿಷ್ಠ 50 ಸಾವಿರ ವಾಟ್ಸಾಪ್ ಗುಂಪುಗಳನ್ನು ಕಟ್ಟಿರುವುದಾಗಿ ಹೇಳಿಕೊಂಡಿದ್ದವೆಂದು ಆಗ ವರದಿಯಾಗಿತ್ತು. ಸುಳ್ಳು ಸುದ್ದಿ ಪರಿಶೀಲಿಸುವ ಕೆಲಸವನ್ನು ಫೇಸ್‌ಬುಕ್ ಭಾರತದಲ್ಲಿ ಮೊದಲು ಆರಂಭಿಸಿದ್ದೂ ಆ ಚುನಾವಣೆಯ ಮುನ್ನ, ನಮ್ಮ ಕರ್ನಾಟಕದಲ್ಲಿಯೇ.

ಪಕ್ಷದ ಗುಂಪಿನಲ್ಲಿ ಹುಟ್ಟಿದ ಸಂದೇಶ ಅಲ್ಲಿಯೇ ಉಳಿದರೆ ಕಾರ್ಯಕರ್ತರು ಮಾತ್ರ ಓದುತ್ತಾರೆ. ಅದು ಕುಟುಂಬದ ಗುಂಪಿಗೆ, ಸ್ವಸಹಾಯ ಸಂಘದ ಗುಂಪಿಗೆ, ಶಾಲೆಯ ತಾಯಂದಿರ ಗುಂಪಿಗೆ ದಾಟಬೇಕು. ದಾಟಿಸುವವರು ನಾವೇ! ದಾಟುವಾಗ ಪಕ್ಷದ ಹೆಸರು ಕಳಚಿ ಬಿದ್ದು, ಅದರ ಮೇಲೆ ನಮ್ಮ ಹೆಸರು ಬಂದು ಕೂರುತ್ತದೆ. ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿಯೇ ಸಾಮಾಜಿಕ ಜಾಲತಾಣಗಳ ಪ್ರಚಾರವನ್ನು ನೀತಿ ಸಂಹಿತೆಯ ಒಳಗೆ ತಂದಿದೆ. ಅಭ್ಯರ್ಥಿ ಅದಕ್ಕಾಗಿ ಮಾಡಿದ ಖರ್ಚನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕು. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಆದರೆ ನೀವು ಅಡುಗೆಮನೆಯಲ್ಲಿ ನಿಂತು ಪುಕ್ಕಟೆಯಾಗಿ ಕಳಿಸಿದ ಸಂದೇಶ ಯಾವ ಲೆಕ್ಕದಲ್ಲಿ ಬರುತ್ತದೆ? ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲುತ್ತದೆ. ನಮ್ಮ ಬೆರಳು ನಿಲ್ಲುತ್ತದೆಯೇ?

ಅದೇ 2024ರ ಮೇ 4ರಂದು ರಾಜ್ಯ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಒಂದು ಕಾರ್ಟೂನ್ ವೀಡಿಯೊ ಪ್ರಕಟವಾಯಿತು. ಗೂಡಿನಲ್ಲಿ ಪರಿಶಿಷ್ಟರ, ಹಿಂದುಳಿದವರ ಮೊಟ್ಟೆಗಳ ಜೊತೆ ಮುಸ್ಲಿಮರ ಮೊಟ್ಟೆಯೊಂದನ್ನು ಇಡಲಾಗುತ್ತದೆ. ಅದರ ಮರಿ ಎಲ್ಲರ ಪಾಲನ್ನೂ ತಿಂದು ಉಳಿದ ಮರಿಗಳನ್ನು ಹೊರದಬ್ಬುತ್ತದೆ. ಇದು ಆ ಚಿತ್ರದ ಕಥೆ. ದೂರು ದಾಖಲಾಯಿತು. ಮೇ 5ರಂದೇ ತೆಗೆಯಲು ಸೂಚಿಸಿದರೂ ಅದು ಹಾಗೆಯೇ ಇತ್ತು. ಕೊನೆಗೆ, ಕೂಡಲೇ ತೆಗೆಯಿರಿ ಎಂದು ಚುನಾವಣಾ ಆಯೋಗ ಎಕ್ಸ್ ಸಂಸ್ಥೆಗೆ ಪತ್ರ ಬರೆದದ್ದು ಮೇ 7ರಂದು. ರೋಣ ಮತ್ತು ಗಜೇಂದ್ರಗಡದವರು ಹಾವೇರಿ ಕ್ಷೇತ್ರಕ್ಕೆ, ನರಗುಂದದವರು ಬಾಗಲಕೋಟೆ ಕ್ಷೇತ್ರಕ್ಕೆ ಮತ ಹಾಕಿದ ದಿನವೂ ಅದೇ! ಆದೇಶ ಬರುವ ಹೊತ್ತಿಗೆ ವೀಡಿಯೊ ತನ್ನ ಕೆಲಸ ಮುಗಿಸಿರುತ್ತದೆ. ನೆರೆಮನೆಯವರು ನಮ್ಮನ್ನು ನೋಡುವ ನೋಟವನ್ನು ಯಾವ ಆಯೋಗ ಮರಳಿ ಸರಿಪಡಿಸೀತು?

ಇದರ ಅರ್ಥ ತಪ್ಪೆಲ್ಲ ಇತರರದು ಎಂದಲ್ಲ. ನಮ್ಮ ಗುಂಪುಗಳಲ್ಲಿಯೂ ಹಳೆಯ ಗಲಭೆಯ ಚಿತ್ರಗಳು ನಿನ್ನೆಯವು ಎಂಬಂತೆ ಓಡಾಡುವುದಿಲ್ಲವೇ? ಎದುರು ಪಕ್ಷದವನು ಆಡದ ಮಾತನ್ನು ಅವನ ಬಾಯಿಗೆ ತುರುಕಿದ ತುಣುಕುಗಳನ್ನು ನಾವು ಹಂಚಿಲ್ಲವೇ? ಭಯವೂ ಮತ ತರುವ ಸರಕೇ. ವದಂತಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಂಡೆವು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಲಾಯಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡರು. ಹಬ್ಬಿಸಿದವರಲ್ಲಿ ಎಷ್ಟು ಮಂದಿ ಅವರನ್ನು ಕಣ್ಣಾರೆ ಕಂಡಿದ್ದರು?

ಈ ರೋಗಕ್ಕೆ ನಮ್ಮ ಮನೆಯಲ್ಲಿಯೇ ಮದ್ದಿದೆ. ಹಝ್ರತ್ ಆಯಿಶಾ(ರ)ರ ಮೇಲೆ ಕಪಟಿಗಳು ಆರೋಪ ಹೊರಿಸಿದಾಗ ಅದು ಸುಮಾರು ಒಂದು ತಿಂಗಳು ಮದೀನದಲ್ಲಿ ಬಾಯಿಂದ ಬಾಯಿಗೆ ಹರಿಯಿತು. ಹುಟ್ಟಿಸಿದವರು ಕೆಲವರು. ಆದರೆ ಅದನ್ನು ಹೊತ್ತವರಲ್ಲಿ ಒಳ್ಳೆಯ ಸತ್ಯವಿಶ್ವಾಸಿಗಳೂ ಇದ್ದರು. ಸೂರಃ ಅನ್ನೂರ್ ಅವತೀರ್ಣಗೊಂಡಾಗ ಅಲ್ಲಾಹನು ಹುಟ್ಟಿಸಿದವರನ್ನು ಮಾತ್ರವಲ್ಲ, ತಿಳಿಯದ ವಿಷಯವನ್ನು ಹಗುರವೆಂದು ಭಾವಿಸಿ ನಾಲಗೆಯಿಂದ ನಾಲಗೆಗೆ ದಾಟಿಸಿದವರನ್ನೂ ಎಚ್ಚರಿಸಿದನು. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಆಜ್ಞೆ ಸೂರಃ ಅಲ್‌ಹುಜುರಾತ್‌ನಲ್ಲಿದೆ. ನಮ್ಮ ಮೇಲಿನ ಇತರರ ನಂಬಿಕೆಯೂ ಒಂದು ಅಮಾನತ್ ಅಲ್ಲವೇ?

ಹಾಗಾದರೆ ಏನು ಮಾಡಬೇಕು? ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರಲಿಕ್ಕಿಲ್ಲ. “ಇದು ನಿಮಗೆ ಹ್ಯಾಂಗ ಗೊತ್ತಾತು?” ಎಂದು ಹಿರಿಯರನ್ನು ಮೆಲ್ಲಗೆ ಕೇಳಿ. ಅದು ಬೇಅದಬಿಯಲ್ಲ. ಯೋಜನೆಯ ಹಣ ಕೊಡಿಸುತ್ತೇವೆಂದು ಚುನಾವಣೆಯ ಹೊತ್ತಿಗೆ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಲು ಬಂದವರಿಗೆ ಕೊಡಬೇಡಿ. ಗೆದ್ದ ಮೇಲೆ ಕೊಡುವ ಸೌಲಭ್ಯಕ್ಕೆ ಮತದಾರರನ್ನು ನೋಂದಾಯಿಸುವುದನ್ನು ನಿಲ್ಲಿಸಿ ಎಂದು ಆಯೋಗವೇ 2024ರ ಮೇ 2ರಂದು ಎಲ್ಲ ಪಕ್ಷಗಳಿಗೆ ತಿಳಿಸಿತ್ತು. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳಿ. ಮದುವೆಯಾಗಿ ಊರು ಬದಲಿಸಿದವರು ನಮೂನೆ 8 ತುಂಬಿಕೊಡಿ. ನಾಮಪತ್ರ ಸಲ್ಲಿಕೆಯ ಕಾಲ ಮುಗಿದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ. ಸಂಶಯವಿದ್ದರೆ 1950ಕ್ಕೆ ಫೋನ್ ಮಾಡಿ.

1980ರ ಜುಲೈಯಲ್ಲಿ ನರಗುಂದದ ರೈತರು ಬೀದಿಗಿಳಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಮಲಪ್ರಭೆಯ ನೀರಿಗೆ ಹೇರಿದ ಕರದ ಭಾರ ಅವರ ಹೆಗಲಿಗೇ ಗೊತ್ತಿತ್ತು. ನಮಗೂ ನಮ್ಮ ನೀರು, ನೇಕಾರಿಕೆಯ ಕೂಲಿ, ಮಕ್ಕಳ ಶಾಲೆ ಗೊತ್ತಿದೆ. ಮತ ಕೇಳಲು ಬಂದವರನ್ನು ಅದರ ಬಗ್ಗೆ ಕೇಳೋಣ.

ನರಗುಂದದ ಆ ಹುಡುಗಿ ಈಗ ಖಾಲಾರಿಂದ ಸಂದೇಶ ಬಂದರೆ ಮೊದಲು ಖಾಲಾರಿಗೇ ಫೋನ್ ಮಾಡುತ್ತಾಳೆ. ಖಾಲಾ ಕೂಡ ಈಗ ಕಳಿಸುವ ಮುನ್ನ ಎರಡು ಸಲ ಓದುತ್ತಾರಂತೆ. ನಮ್ಮ ನಾಲಗೆಯನ್ನೂ ಬೆರಳನ್ನೂ ಸುಳ್ಳಿನಿಂದ ಅಲ್ಲಾಹನು ಕಾಪಾಡಲಿ.